ಆರು ಬಿದ್ದರೆ ಬಾಗಿಲು

"ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ಕತೆ ಕಟ್ಟುತ್ತ ಆಡುವ ಆಟ ಸರ್. ನಾನೇ ಮಾಡಿದ್ದು. ಪುಸ್ತಕ ಮಾಡ್ತೀರಾ?" ಎಂದಳು ಹುಡುಗಿ.

"ಹೊಸಬರದ್ದು ನಾವು ಹಾಕೋದಿಲ್ಲಮ್ಮ," ಎಂದರು, ಹೊಸ ಪ್ರತಿಭೆಗಳ ಬಗ್ಗೆ ಊರೂರಲ್ಲಿ ಭಾಷಣ ಬಿಗಿಯುವ ಪ್ರಕಾಶಕರು.

"ಒಂದು ಸಲ ಆಡಿ ನೋಡಿ. ನೀವು ಅರಮನೆಗೆ ಬಂದ ಕವಿ. ನಾನು ಬಾಗಿಲು ಕಾಯುವವಳು. ಹೊಸಬರನ್ನ ಒಳಗೆ ಬಿಡಲ್ಲ!"

"ಒಳಗೇ ಬಿಡದಿದ್ರೆ ಹಳಬರಾಗೋದು ಹೇಗೆ? ಎಂಥ ಅನ್ಯಾಯ!" ಪ್ರಕಾಶಕರಿಗೆ ನಿಜಕ್ಕೂ ಸಿಟ್ಟು ನೆತ್ತಿಗೇರಿತು. "ಗೊತ್ತೇನು, ನಾನು ರಾಜರ ಅಳಿಯ!"

"ಸುಳ್ಳು ಹೇಳಿದ್ರೆ ದಾಳ ಹಾಕಬೇಕು ಸರ್. ಆರು ಬಿದ್ರೆ ಮಾತ್ರ ನಂಬ್ತೀನಿ."

ಆರು ಬಿತ್ತು. ಪ್ರಕಾಶಕರು ಮೀಸೆ ತಿರುವುತ್ತ ಅರಮನೆ ಹೊಕ್ಕರು.

"ಆಟ ಬಹಳ ಚೆನ್ನಾಗಿದೆ. ಆದ್ರೆ ಹೊಸಬರದ್ದು ಹಾಕೋದಿಲ್ಲ," ಎಂದು ಹಸ್ತಪ್ರತಿಯನ್ನು ಅವಳತ್ತ ತಳ್ಳಿದರು.

ಹುಡುಗಿ ದಾಳ ಉರುಳಿಸಿದಳು. ಒಂದು ಬಿತ್ತು. ಆದರೂ ಹೇಳಿಯೇಬಿಟ್ಟಳು: "ಸರ್, ಗ್ರಂಥಾಲಯಗಳಿಗೆ ಪುಸ್ತಕ ಖರೀದಿಸುವ ಸಮಿತಿ ಇದೆಯಲ್ಲ, ಅದರ ಅಧ್ಯಕ್ಷರ ಸೊಸೆ ನಾನು."

ಪ್ರಕಾಶಕರು ಕುರ್ಚಿಯಿಂದ ಎದ್ದು ನಿಂತರು.

"ಮೊದಲೇ ಹೇಳಬಾರದಾ ತಾಯಿ! ಎಷ್ಟು ಸಾವಿರ ಪ್ರತಿ ಹಾಕೋಣ?"