ದಿಬ್ಬದ ದ್ರಾಕ್ಷಿ

ವನಿತಾ ಗ್ಲಾಸೆತ್ತಿ ಮೂಸಿದಳು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಅತ್ತಿತ್ತ ಮುಕ್ಕಳಿಸಿದಳು, ಆಮೇಲೆ ಪಕ್ಕದ ಸ್ಟೀಲ್ ಬಕೆಟ್ಟಿಗೆ ಪಿಚಕ್ಕೆಂದು ಉಗುಳಿಬಿಟ್ಟಳು. ಪುಂಡಲೀಕಪ್ಪನ ಎದೆ ಧಸಕ್ಕೆಂದಿತು. ಅದು ಅವನ ದಿಬ್ಬದ ದ್ರಾಕ್ಷಿಯ ವೈನು.

"ಆತು, ಎಲ್ಲಾ ಮುಗೀತು!" ಅವನು ಕುರ್ಚಿ ಬಿಟ್ಟು ಎದ್ದೇಬಿಟ್ಟ. "ಉಗುಳೂವಷ್ಟು ಏನ್ ಕೆಟ್ಟಿತ್ರೀ ಮೇಡಮ್ಮಾರ? ಒಂದೊಂದ ಗೊನಿ ಕಣ್ಣಾಗ ಎಣ್ಣಿ ಬಿಟ್ಕೊಂಡು ಆರಿಸಿ ಕೊಟ್ಟೇನ್ರಿ ನಾ!"

ವನಿತಾ ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದಳು. ಅಡರಕಟ್ಟಿ ರಸ್ತೆಯ ಈ ಸಣ್ಣ ವೈನರಿಯಲ್ಲಿ ವೈನು ಹದ ಮಾಡುವವಳು ಅವಳೇ. "ಕುಂಡ್ರಿ ಕಾಕಾ, ಕುಂಡ್ರಿ. ಛಲೋ ಇದ್ದದ್ದೂ ಉಗುಳತೀವ್ರಿ. ಮುಂಜಾನಿಂದ ಮೂವತ್ತು ಗ್ಲಾಸ್ ಆದೂವು. ಎಲ್ಲಾ ನುಂಗಿದ್ರ ನನ್ನ ನಾಕು ಮಂದಿ ಹೊತ್ಕೊಂಡು ಮನಿ ಮುಟ್ಟಸಬೇಕಾಗತೈತಿ."

ಪುಂಡಲೀಕಪ್ಪ ಪೆಚ್ಚಾಗಿ ಕುಳಿತ. ಪಕ್ಕದಲ್ಲಿದ್ದ ಹೆಂಡತಿ ಸಾವಕ್ಕ ಸೆರಗಿನ ಮರೆಯಲ್ಲಿ ನಕ್ಕಳು. ಪಾಪ, ಅವನಿಗಾದರೂ ಹೇಗೆ ಗೊತ್ತಾಗಬೇಕು? ಕೊರಳಲ್ಲಿ ಪಂಢರಪುರದ ತುಳಸಿ ಮಾಲೆ. ಅದನ್ನು ಹಾಕಿಕೊಂಡವನಿಗೆ ಮದ್ಯ, ಮಾಂಸ ಎರಡೂ ದೂರ. ಒಂಬತ್ತು ವರ್ಷದಿಂದ ವೈನಿನ ದ್ರಾಕ್ಷಿ ಬೆಳೆಯುತ್ತಿದ್ದರೂ ಒಂದು ಹನಿ ನಾಲಿಗೆಗೆ ತಾಗಿಸಿದವನಲ್ಲ. ತಂಬಾಕು ಬೆಳೆಯುವವರೆಲ್ಲ ಬೀಡಿ ಸೇದುತ್ತಾರೇನು ಎಂಬುದು ಅವನ ವಾದ. ಹಣ್ಣು ತಿಂದು ಬೀಜ ಕಡಿದು ನೋಡುವನು. ಬೀಜ ಹುರಿದ ಕಡಲೆಯ ಹಾಗೆ ಕಟಂ ಎಂದರೆ ಕೊಯ್ಲು, ಇಲ್ಲವಾದರೆ ಸಿಹಿ ಅಳೆಯುವ ಯಾವ ಮಷೀನು ಏನು ಹೇಳಿದರೂ ಕತ್ತರಿ ಮುಟ್ಟಗೊಡುತ್ತಿರಲಿಲ್ಲ.

ಅವನ ಹೊಲ ಎರಡು ತುಂಡು. ಕೆಳಗಿನ ಎರೆಭೂಮಿಯ ಕ್ಯಾಬರ್ನೆ ತಳಿಯ ದ್ರಾಕ್ಷಿ ತೂಗಿದಷ್ಟೂ ತೂಗುತ್ತದೆ. ಮೇಲಿನ ದಿಬ್ಬ ಬರೀ ಗರಸು, ಕಲ್ಲುಹರಳು. ಅಲ್ಲಿಯ ಶಿರಾಜ್ ತಳಿಯದು ಅದರ ಮೂರನೇ ಒಂದು ಪಾಲೂ ಬರುವುದಿಲ್ಲ. ಆ ಬಳ್ಳಿ ಕಿತ್ತು ಆಡಿನ ಶೆಡ್ ಹಾಕೋಣ ಎಂಬುದು ಸಾವಕ್ಕನ ಪಟ್ಟು. ಪ್ರಾಣ ಹೋದರೂ ಕೀಳಗೊಡೆನೆಂಬುದು ಪುಂಡಲೀಕಪ್ಪನ ಹಟ. ದಿಬ್ಬದ ಹಣ್ಣನ್ನು ಬೇರೆ ಟ್ಯಾಂಕಿನಲ್ಲೇ ಹುದುಗಿಸಬೇಕೆಂದು ವನಿತಾಳ ಬೆನ್ನು ಬಿದ್ದವನೂ ಅವನೇ. ಗಂಡ ಹೆಂಡತಿ ಜಗಳಾಡಿ ಸಾಕಾಗಿ ಕಡೆಗೊಂದು ಮಾತಿಗೆ ಬಂದಿದ್ದರು: ಈ ಸಲದ ಕೆಂಪು ವೈನಿನ ಮಿಶ್ರಣಕ್ಕೆ ದಿಬ್ಬದ್ದು ಬೇಕೆಂದರೆ ಬಳ್ಳಿ ಉಳಿಯಲಿ, ಬೇಡವೆಂದರೆ ನಾಳೆಯೇ ಖಾಸಿಂಸಾಬನ ಜೆಸಿಬಿ. ಗಂಡ ಇಲಿ ಹೋದರೆ ಹುಲಿ ಹೋಯಿತು ಎನ್ನುವ ಪೈಕಿ. ಅದಕ್ಕೇ ತೀರ್ಪು ಕೇಳಲು ಸಾವಕ್ಕ ತಾನೇ ಬಂದಿದ್ದಳು.

ವನಿತಾ ಎರೆಹೊಲದ ವೈನನ್ನಷ್ಟೇ ಬಾಯಿಗಿಟ್ಟು ಉಗುಳಿದಳು. "ವಾಸನಿ ಭಾರಿ ಐತಿ. ಬಾಯಾಗ ಮಾತ್ರ ನಿಂದ್ರವಲ್ದು." ಅಳತೆಯ ಕೊಳವೆ ಹಿಡಿದು ಅದಕ್ಕೆ ದಿಬ್ಬದ್ದು ನೂರಕ್ಕೆ ಹತ್ತು ಪಾಲು ಬೆರೆಸಿದಳು. ಉಗುಳಿದಳು. ಹದಿನೈದು ಪಾಲು. ಉಗುಳಿದಳು. ಪ್ರತಿ ಸಲವೂ ಪುಂಡಲೀಕಪ್ಪನ ಪ್ರಾಣ ಬಕೆಟ್ಟಿನ ತನಕ ಹೋಗಿ ವಾಪಸು ಬರುತ್ತಿತ್ತು. ಇಪ್ಪತ್ತಕ್ಕೆ ಅವಳ ಹುಬ್ಬು ಮೇಲೇರಿತು. ಇಪ್ಪತ್ತೈದಕ್ಕೆ ಕಣ್ಣು ಅರಳಿದವು. ಮಾತಾಡುವ ಅವಸರಕ್ಕೆ ಗಡಬಡಿಸಿ ಉಗುಳಿ, ಮೇಜು ಗುದ್ದಿದಳು.

"ಇದನ್ರಿ ಕಾಕಾ! ಎರಡು ವರ್ಷದಿಂದ ಇದನ್ನ ಹುಡುಕಾಕ ಹತ್ತಿದ್ದೆ! ನೂರಕ್ಕ ಇಪ್ಪತ್ತೈದು ನಿಮ್ಮ ದಿಬ್ಬದ್ದು. ಅದಿಲ್ಲಂದ್ರ ಈ ವೈನ ಇಲ್ಲ!"

"ವಿಠ್ಠಲಾ!" ಪುಂಡಲೀಕಪ್ಪ ಕೂಗಿದ ರಭಸಕ್ಕೆ ಟ್ಯಾಂಕುಗಳೂ ಒಮ್ಮೆ ವಿಠ್ಠಲಾ ಎಂದವು. ಸಂತೋಷಕ್ಕೆ ಕುಣಿಯುವುದೊಂದು ಬಾಕಿ. "ಕೇಳಿದೇನ ಸಾವಕ್ಕ? ಖಾಸಿಂಸಾಬಗ ಫೋನ್ ಹಚ್ಚು, ಬರಬ್ಯಾಡಂತ ಹೇಳು!"

ಸಾವಕ್ಕ ಅಲುಗಲಿಲ್ಲ. "ಮೇಡಮ್ಮಾರು ನಿಮ್ಮ ಮಾರಿ ನೋಡಿ ಕರುಳು ಚುರ್ ಅಂದು ಹೇಳಿರಬೇಕು. ಎಮ್ಮಿ ಕೊಳ್ಳಾಕ ಹೋದ್ರ ಹಾಲು ಹಿಂಡಿ ನೋಡತೀವಿಲ್ಲ? ಕೊಡ್ರಿ ಇಲ್ಲೆ. ನನ್ನ ಕೊಳ್ಳಾಗೇನ ಮಾಲಿ ಇಲ್ಲ."

ಕಷಾಯ ಕುಡಿಸುವ ಹಾಗೆ ವನಿತಾಳೇ ಅವಳ ಕೈಗೆ ಗ್ಲಾಸು ಕೊಟ್ಟು, ಬಕೆಟ್ಟು ಸರಿಸಿದಳು. ಸಾವಕ್ಕ ಕಣ್ಣು ಮುಚ್ಚಿ ಒಂದು ಗುಟುಕು ಹಾಕಿಕೊಂಡಳು. ಮುಖ ಹುಣಸೆಕಾಯಿ ತಿಂದವರಂತೆ ಕಿವುಚಿಕೊಂಡಿತು. ಮುಗಿಯಿತು ತನ್ನ ಕತೆ ಎಂದುಕೊಂಡ ಪುಂಡಲೀಕಪ್ಪ. ಆಮೇಲೆ ಆ ಮುಖ ಮೆಲ್ಲಗೆ ಬಿಚ್ಚಿಕೊಂಡಿತು.

"ಉಗುಳು, ಉಗುಳು! ತಲಿಗಿ ಏರತೈತಿ!" ಅವನು ಬಕೆಟ್ಟನ್ನೇ ಎತ್ತಿ ಹಿಡಿದ.

ಸಾವಕ್ಕ ಬಕೆಟ್ಟಿನ ಕಡೆ ಬಾಗಿದಳು. ಬಾಗಿದವಳು ಹಾಗೇ ನಿಂತಳು. ಮತ್ತೆ ನೆಟ್ಟಗಾಗಿ, ಗಟಕ್ಕೆಂದು ನುಂಗಿಬಿಟ್ಟಳು.

"ಅಯ್ಯ ಇಕಿನ, ನುಂಗಿದ್ಯಾ?"

"ಆ ದಿಬ್ಬಕ್ಕ ಪೈಪ್ ಬರೂ ಮುಂಚೆ ಎರಡು ಬ್ಯಾಸಗಿ ತಲಿ ಮ್ಯಾಲೆ ಕೊಡ ಹೊತ್ತು ಬಳ್ಳಿ ಉಳಿಸಿದಾಕಿ ಯಾರು?" ಸಾವಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾ ಹೊತ್ತ ನೀರದು. ಹೆಂಗ ಉಗುಳಲಿ?"