ಮಂಕರಿ ಎತ್ತಿದ ಮೇಲೆ

ಭಾನುವಾರ ಬೆಳಗ್ಗೆ ಓಬಳಯ್ಯ ಎದ್ದವನೇ ಅಭ್ಯಾಸಬಲದಿಂದ ಕೋಳಿ ಮುಚ್ಚಿದ್ದ ಬಿದಿರಿನ ಮಂಕರಿ ಎತ್ತಿಬಿಟ್ಟ. ರಾತ್ರಿಯಿಡೀ ಅದರಡಿ ಮುದುರಿದ್ದ ಕೋಳಿಗಳೆಲ್ಲ ರೆಕ್ಕೆ ಕೊಡವಿಕೊಂಡು ಅಂಗಳಕ್ಕೆ ನುಗ್ಗಿದವು. ಕೆಂಪು ಹ್ಯಾಟೆ ಕೋಳಿ ತೆಂಗಿನ ಗರಿಯ ರಾಶಿ ಹತ್ತಿ ಕೂತ ಮೇಲೆ ಅವನಿಗೆ ನೆನಪಾಯಿತು, ಇವತ್ತು ಸಾರಿಗೆ ಕೊಯ್ಯಬೇಕಾಗಿದ್ದುದು ಅದನ್ನೇ. ಕೊಯ್ಯುವ ಕೋಳಿಯನ್ನು ಮಂಕರಿ ಎತ್ತುವ ಮೊದಲೇ ಕೈಹಾಕಿ ಹಿಡಿದುಕೊಳ್ಳಬೇಕು ಅನ್ನುವುದು ನಿಟ್ಟೂರಿನ ಮಕ್ಕಳಿಗೂ ಗೊತ್ತು. ಬಿಟ್ಟ ಮೇಲೆ ನಾಟಿ ಕೋಳಿ ಸಿಗುವುದು ಮತ್ತೆ ಕತ್ತಲಾದಾಗಲೇ.

ಕತ್ತಲಾಗುವ ತನಕ ಕಾಯುವ ಹಾಗಿರಲಿಲ್ಲ. ಚಿಕೂನ್‌ಗುನ್ಯ ಬಂದು ಹೋದ ಮೇಲೆ ಹೆಂಡತಿ ಕದರಮ್ಮ ಜಗಲಿಯ ಮಂಚ ಬಿಟ್ಟಿರಲಿಲ್ಲ. ನೋವೆಲ್ಲ ಇಳಿದಿದೆ, ಇನ್ನು ಎದ್ದು ಓಡಾಡಿ ಎಂದು ಗುಬ್ಬಿಯ ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ಕಾಲು ನನ್ನ ಮಾತು ಕೇಳಲ್ಲ ಅನ್ನುವುದೇ ಅವಳ ಉತ್ತರ. ಬಚ್ಚಲಿಗೆ ಹೋಗಲೂ ಗಂಡನ ಹೆಗಲು ಬೇಕು. ಮಗಳು ಶಿಲ್ಪಾ ಸೋತು, ಈ ಭಾನುವಾರ ಮಧ್ಯಾಹ್ನ ಬಂದು ನಿನ್ನನ್ನು ತುಮಕೂರಿನ ನಮ್ಮ ಮನೆಗೆ ಕರೆದುಕೊಂಡು ಹೋಗುವುದೇ ಸೈ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಹೀಗೆ ಹೊತ್ತುಕೊಂಡು ಹೋದರೆ ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದು ಕದರಮ್ಮನಿಗೆ ಭಯ. ಓಬಳಯ್ಯನಿಗೂ ಅದೇ ಭಯ, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ.

ಬರುವಾಗ ಚಿಕನ್ ತರುತ್ತೇನೆ, ಸೂಪು ಮಾಡಿ ಕುಡಿಸುತ್ತೇನೆ ಎಂದು ಶಿಲ್ಪಾ ಫೋನಿನಲ್ಲಿ ಅಂದದ್ದಕ್ಕೆ ಕದರಮ್ಮ ರೇಗಿದ್ದಳು.

“ಫಾರಂ ಕೋಳಿ ಕೂತ ಜಾಗ್ದಲ್ಲೇ ಕೂತು ಬೆಳ್ದಿರ್ತದೆ. ಅದನ್ನ ತಿಂದ್ರೆ ನಾನೂ ಕೂತೇ ಇರ್ತೀನಿ ಕಣೇ. ನಮ್ಮನೆ ಕೋಳಿ ಕೆದ್ಕೊಂಡು ತಿಂದು ಓಡಾಡಿ ಬೆಳ್ದಿರೋದು. ಕಾಲಿಗೆ ಕಸುವು ಬರೋದು ಅದ್ರಿಂದ್ಲೇ.”

ಆ ಕಸುವು ಎಂಥದೆಂದು ಓಬಳಯ್ಯನಿಗೆ ಚೆನ್ನಾಗಿ ಅರ್ಥವಾಗತೊಡಗಿತು. ಹ್ಯಾಟೆ ಗರಿಯ ರಾಶಿಯಿಂದ ತಿಪ್ಪೆಗೆ ಹಾರಿತು, ತಿಪ್ಪೆಯಿಂದ ಬೇಲಿಗೆ. ರಾಗಿ ಚೆಲ್ಲಿದರೆ ಉಳಿದ ಕೋಳಿಗಳು ತಿಂದು ಮುಗಿಸಿದವು, ಅದು ಮಾತ್ರ ದೂರ ನಿಂತು ಕತ್ತು ಓರೆ ಮಾಡಿ ನೋಡಿತು. ಹೊತ್ತು ನೆತ್ತಿಗೇರುವ ತನಕ ಟವೆಲ್ ಬೀಸಿದ, ಮಂಕರಿ ಎಸೆದ, ಕೊನೆಗೆ ತಾನೇ ತಿಪ್ಪೆಯ ಮೇಲೆ ಬಿದ್ದ. ಕದರಮ್ಮ ಮೊದಲು ಮಲಗಿದಲ್ಲಿಂದಲೇ ಅತ್ತ ಹೋಗು, ಇತ್ತ ಬಾ ಎಂದು ಹೇಳುತ್ತಿದ್ದಳು. ಆಮೇಲೆ ಎದ್ದು ಕೂತು ಬೈದಳು. ಆಮೇಲೆ ಕಾಲು ಕೆಳಗಿಟ್ಟಳು.

“ಒಂದು ಕೋಳಿ ಹಿಡಿಯಕ್ಕಾಗಲ್ವಲ್ಲಯ್ಯ ನಿನಗೆ, ಬುಡತ್ಲಾಗೆ,” ಎಂದವಳೇ ಅಂಗಳಕ್ಕಿಳಿದಳು.

ಬಿದ್ದಿದ್ದ ಮಂಕರಿಯನ್ನು ಬಾಚಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಹ್ಯಾಟೆಯನ್ನು ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಅಟ್ಟಿದಳು. ಅದು ಬಲಕ್ಕೆ ತಿರುಗಿದರೆ ಇವಳೂ ಬಲಕ್ಕೆ, ಎಡಕ್ಕೆ ತಿರುಗಿದರೆ ಇವಳೂ ಎಡಕ್ಕೆ. ತಿಪ್ಪೆಯ ಮೇಲೆ ಕೂತಿದ್ದ ಓಬಳಯ್ಯ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಹೇಳಿದರೆ ಎಲ್ಲಿ ಅವಳ ಕಾಲಿಗೆ ನೆನಪಾಗಿಬಿಡುತ್ತದೋ ಎಂದು ಹೆದರಿದ. ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಂಕರಿ ದಬ್ ಎಂದು ಬಿತ್ತು. ಕದರಮ್ಮ ಅದರಡಿ ಕೈಹಾಕಿ ಹ್ಯಾಟೆಯ ರೆಕ್ಕೆ ಜೋಡಿಸಿ ಹಿಡಿದೆತ್ತಿದಳು. ಆಗಲೇ ಅವಳಿಗೂ ಗೊತ್ತಾದದ್ದು, ತಾನು ಎಲ್ಲಿ ನಿಂತಿದ್ದೇನೆಂದು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಶಿಲ್ಪಾ ಆಟೋ ಇಳಿದು ಬಂದಾಗ ಅಮ್ಮ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಿಗೇ ಬಂದಿದ್ದಳು. ಶಿಲ್ಪಾ ಅವಳ ಕಾಲನ್ನೇ ನೋಡಿದಳು.

“ಅಮ್ಮ, ಸಾರು ಕುಡ್ದಿದ್ದು ಯಾವಾಗ?”

“ಇನ್ನೂ ಕೊಯ್ದೇ ಇಲ್ಲ. ಆಟೋನ ಖಾಲಿ ಕಳಿಸ್ಬೇಡ, ನಿಮ್ಮಪ್ಪನ್ನ ಬೇಕಾದ್ರೆ ಕರ್ಕೊಂಡೋಗು,” ಎಂದಳು ಕದರಮ್ಮ.

ಜಗಲಿಯ ಮಂಚದ ಮೇಲೆ ಓಬಳಯ್ಯ ಎರಡೂ ಮಂಡಿ ಹಿಡಿದುಕೊಂಡು ಉದ್ದಕ್ಕೆ ಮಲಗಿದ್ದ, ನಗುತ್ತಿದ್ದ.