ಕೂದಲೆಳೆಯಷ್ಟು

ಹೊಸ ಬೋಲ್ಟು ಬೇಕೆಂದು ಮೆಕ್ಯಾನಿಕ್ ಸವರಿಯಪ್ಪ ಬರೆದು ತಂದಿದ್ದ ಇಂಡೆಂಟನ್ನು ವಿಮಾನ ತರಬೇತಿ ಶಾಲೆಯ ಮ್ಯಾನೇಜರು ಸಹಿ ಮಾಡದೆ ಹಿಂದಕ್ಕೆ ತಳ್ಳಿದರು.

"ಹೋದ ವಾರ ಪ್ರೊಪೆಲ್ಲರಿಂದ ಬಿಚ್ಚಿದ್ಯಲ್ಲ, ಆ ಆರು ಬೋಲ್ಟು ಚೆನ್ನಾಗೇ ಇವೆಯಲ್ಲಯ್ಯ. ಅವನ್ನೇ ಹಾಕು."

"ಟೈಟ್ ಮಾಡಿ ಮಾಡಿ ಅವು ಉದ್ದ ಆಗಿಬಿಟ್ಟಿವೆ ಸಾರ್. ಅಳತೆ ತಗೊಂಡು ನೋಡ್ದೆ."

"ಎಷ್ಟು ಉದ್ದ?"

"ಒಂದು ಕೂದಲೆಳೆಯಷ್ಟು."

ಮ್ಯಾನೇಜರು ನಕ್ಕರು. "ಅಷ್ಟಕ್ಕೆಲ್ಲ ಉಕ್ಕು ಮುರಿಯುತ್ತೇನಯ್ಯ?"

"ಸುಮ್ನೆ ಬಿದ್ದಿದ್ರೆ ಮುರಿಯಲ್ಲ ಸಾರ್. ದಿನಾ ಅದುರ್ತಾ ಇದ್ರೆ ಒಳಗೊಳಗೇ ದಣಿಯುತ್ತೆ. ಯಾವತ್ತು ಪಟ್ ಅನ್ನುತ್ತೋ ಹೇಳಕ್ಕಾಗಲ್ಲ."

"ಪುರಾಣ ಸಾಕು. ಎಲ್ಲಿವೆ ಅವು?"

"ಐದು ನನ್ನ ಹತ್ರ ಇವೆ." ಸವರಿಯಪ್ಪ ಮೆಲ್ಲಗೆ ತಲೆಯೆತ್ತಿದ. "ಇನ್ನೊಂದನ್ನ ಸೋಮವಾರ ನಿಮ್ಮ ಈ ಫ್ಯಾನ್ ನೇತುಹಾಕೋವಾಗ ಬಳಸಿಬಿಟ್ಟೆ."

ತಲೆಯ ಮೇಲೆ ಫ್ಯಾನು ಅದುರುತ್ತಾ ತಿರುಗುತ್ತಿತ್ತು. ಮ್ಯಾನೇಜರು ಇಂಡೆಂಟನ್ನು ಎತ್ತಿಕೊಂಡು ಬಾಗಿಲವರೆಗೂ ಹೋಗಿ, ಅಲ್ಲೇ ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು.

ಹೊರಗೆ ಬಂದ ಸವರಿಯಪ್ಪ ಜೇಬಿನಲ್ಲಿದ್ದ ಹಳೇ ಬೋಲ್ಟುಗಳನ್ನು ಒಂದೊಂದಾಗಿ ಗುಜರಿ ಡಬ್ಬಕ್ಕೆ ಹಾಕಿದ. ಸರಿಯಾಗಿ ಆರು.